ದಖ್ಖನಿನ ಮೈತ್ರಿಕೂಟಗಳ ಪೈಪೋಟಿ (1761–1818)

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ದಖ್ಖನಿನ ಮೇಲೆ ಹಕ್ಕು ಸಾಧಿಸುತ್ತಿದ್ದ ಶಕ್ತಿಗಳು ನಾಲ್ಕು: ಪುಣೆಯ ಪೇಶ್ವೆಗಳು, ಶ್ರೀರಂಗಪಟ್ಟಣದ ಹೈದರಾಲಿ ಮತ್ತು ಟಿಪ್ಪು ಸುಲ್ತಾನ, ಹೈದರಾಬಾದಿನ ನಿಜಾಮ, ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ. ಯಾರೂ ಒಬ್ಬಂಟಿಯಾಗಿ ಉಳಿದ ಮೂವರನ್ನು ಮಣಿಸಲಾರದಿದ್ದ ಕಾಲದಲ್ಲಿ ಇವರು ಒಬ್ಬರನ್ನೊಬ್ಬರು ಅಂಕೆಯಲ್ಲಿಡಲು ಕಟ್ಟಿದ, ಮುರಿದ, ಮತ್ತೆ ಕಟ್ಟಿದ ಸೇನಾ ಒಕ್ಕೂಟಗಳ ಚರಿತ್ರೆ ಇದು. ಎದುರಾಳಿ ಕತ್ತಿ ಹಿರಿಯುವ ಮೊದಲೇ ಅದರ ಬೆಲೆಯನ್ನು ಅವನಿಗೆ ಮನಗಾಣಿಸಿ ತಡೆಯುವ ನೀತಿ ಇಪ್ಪತ್ತನೆಯ ಶತಮಾನದ ಅಣ್ವಸ್ತ್ರ ಯುಗದಲ್ಲಿ ಹುಟ್ಟಿದ್ದೆಂಬ ಭಾವನೆ ಸಾಮಾನ್ಯವಾಗಿದೆ. ಅದರ ಬಲವೂ ಬಲಹೀನತೆಯೂ ಕೃಷ್ಣಾ ಮತ್ತು ಕಾವೇರಿಗಳ ನಡುವಣ ನಾಡಿನಲ್ಲಿ ಅದಕ್ಕೂ ಹಿಂದೆಯೇ ಪರೀಕ್ಷೆಗೆ ಒಳಗಾಗಿದ್ದವು. ಆ ಪರೀಕ್ಷೆಯ ವೆಚ್ಚವನ್ನು ಬಹುಮಟ್ಟಿಗೆ ತೆತ್ತದ್ದು ಕನ್ನಡ ನಾಡು.

ರಾಂಜಣಗಾಂವದ ದಾರಿ

ಪುಣೆಯಿಂದ ಅಹಮದ್‌ನಗರಕ್ಕೆ, ಅಂದರೆ ಇಂದಿನ ಅಹಿಲ್ಯಾನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದಲ್ಲಿ ಶಿರೂರು ತಾಲೂಕಿನ ರಾಂಜಣಗಾಂವ ಇದೆ. ಈಗ ಅದು ಕಾರ್ಖಾನೆಗಳ ಊರು. ಭಕ್ತರಿಗೆ ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ನೆಲೆ. ದೇವಾಲಯದ ಗರ್ಭಗೃಹದ ಕೆಳಗೆ ಮೂರ್ತಿಗಾಗಿ ಕೋಣೆ ಕಟ್ಟಿಸಿದವನು ಪೇಶ್ವೆ ಮಾಧವರಾವ್ ಎಂದು ಕ್ಷೇತ್ರದ ಪರಂಪರೆ ಹೇಳುತ್ತದೆ. ಹೈದರಾಲಿಯ ಮೇಲೆ ಮತ್ತೆ ಮತ್ತೆ ದಂಡೆತ್ತಿ ಕನ್ನಡ ನಾಡಿಗೆ ಬಂದ ಪೇಶ್ವೆ ಇವನೇ. ಈ ದಾರಿಯ ಒಂದು ತುದಿಯಲ್ಲಿ ಪೇಶ್ವೆಗಳ ರಾಜಧಾನಿ. ಇನ್ನೊಂದು ಕಡೆ, ರಾಂಜಣಗಾಂವದಿಂದ 20 ಕಿ.ಮೀ.ಗೂ ಕಡಿಮೆ ದೂರದಲ್ಲಿ, ಘೋಡ್ ನದಿಯ ದಂಡೆಯ ಶಿರೂರು. ಮುಂದೆ ಪೇಶ್ವೆಯ ಮಿತ್ರನೆಂಬ ಹೆಸರಿನಲ್ಲಿ ಕಂಪನಿಯ ಸೈನ್ಯ ಬೀಡುಬಿಟ್ಟದ್ದು ಅಲ್ಲೇ. ಮಾಧವರಾವನ ಕಾಲದಿಂದ ಆ ದಂಡು ಬಂದಿಳಿಯುವವರೆಗಿನ ನಾಲ್ಕು ದಶಕಗಳಲ್ಲಿ ನಡೆದದ್ದೇನು ಎಂಬುದೇ ಈ ಲೇಖನದ ವಿಷಯ.

ಮೊದಲ ಮಾತು ತಪ್ಪಿದ್ದು

1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರು ಸೋತರು. ಅದೇ ವರ್ಷ ಹದಿನಾರರ ಹರೆಯದ ಮಾಧವರಾವ್ ಪೇಶ್ವೆಯಾದ. ಮೈಸೂರಿನಲ್ಲಿ ಅಧಿಕಾರ ಹೈದರಾಲಿಯ ಕೈಗೆ ಬಂದದ್ದೂ ಸರಿಸುಮಾರು ಆಗಲೇ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು, ಕೆಳದಿ ಅರಸರ ಭಂಡಾರದ ಬಲದಿಂದ ಉತ್ತರಕ್ಕೆ ಚಾಚಿದ. ಮಾಧವರಾವ್ ಅದೇ ವರ್ಷ ಗೋದಾವರಿ ತೀರದ ರಾಕ್ಷಸಭುವನದಲ್ಲಿ ನಿಜಾಮನನ್ನು ಸೋಲಿಸಿ, ಮರುವರ್ಷ ತುಂಗಭದ್ರೆಯತ್ತ ತಿರುಗಿದ. 1764ರ ರಟ್ಟಿಹಳ್ಳಿ ಕಾಳಗ, 1767ರಲ್ಲಿ ಶಿರಾ ಮತ್ತು ಮಧುಗಿರಿಗಳ ಪತನ, 1770ರಲ್ಲಿ ನಿಜಗಲ್ಲಿನ ಮುತ್ತಿಗೆ, 1771ರಲ್ಲಿ ಮೇಲುಕೋಟೆ ಬಳಿಯ ಚಿನಕುರಳಿಯಲ್ಲಿ ಹೈದರನ ಘೋರ ಸೋಲು: ಹೀಗೆ ಎಂಟು ವರ್ಷ ಬಯಲುಸೀಮೆಯ ಬೆಳೆ, ದನಕರು, ಊರುಕೇರಿಗಳ ಮೇಲೆ ದಂಡುಗಳು ಹಾದುಹೋದವು.

ಈ ನಡುವೆಯೇ ಹೈದರಾಲಿಗೂ ಕಂಪನಿಗೂ ನಡೆದ ಮೊದಲ ಮೈಸೂರು ಯುದ್ಧ ಮುಗಿದಿತ್ತು. 1769ರಲ್ಲಿ ಹೈದರಾಲಿ ಮದ್ರಾಸಿನ ಬಾಗಿಲಿಗೇ ಕುದುರೆ ಪಡೆ ತಂದು ನಿಲ್ಲಿಸಿ ಕಂಪನಿಯಿಂದ ಒಪ್ಪಂದ ಬರೆಸಿಕೊಂಡ. ಒಬ್ಬರ ಮೇಲೆ ಮೂರನೆಯವರು ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕೆಂಬುದು ಅದರ ತಿರುಳು. ಹೈದರನಿಗೆ ಬೇಕಿದ್ದದ್ದು ಸಹ ಅದೇ: ಇಂಗ್ಲಿಷರ ಹೆಸರು ಕೇಳಿ ಪುಣೆ ಹಿಂಜರಿಯಬೇಕು. ಆದರೆ ಮರುವರ್ಷವೇ ಮರಾಠರು ಬಂದಾಗ ಮದ್ರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಹೈದರ್ ಇದನ್ನು ಸಾಯುವ ತನಕ ಮರೆಯಲಿಲ್ಲ. ಪಾಲಿಸುವ ಮನಸ್ಸಿಲ್ಲದ ಭರವಸೆ ಶತ್ರುವನ್ನು ತಡೆಯುವುದಿಲ್ಲ, ಮಿತ್ರನನ್ನು ಶತ್ರುವಾಗಿಸುತ್ತದೆ. ಹನ್ನೊಂದು ವರ್ಷದ ನಂತರ ಕಂಪನಿ ಇದಕ್ಕೆ ದಂಡ ತೆತ್ತಿತು.

1780: ಒಮ್ಮೆ ಮಾತ್ರ ಒಂದಾದದ್ದು

ಮಾಧವರಾವ್ 1772ರ ನವೆಂಬರ್ 18ರಂದು ಥೇವೂರಿನಲ್ಲಿ ತೀರಿಕೊಂಡ. ಅವನ ತಮ್ಮ ನಾರಾಯಣರಾವನನ್ನು ಮರುವರ್ಷ ಶನಿವಾರವಾಡೆಯಲ್ಲೇ ಕೊಂದರು. ಪದವಿಗೆ ಕೈಚಾಚಿದ ಚಿಕ್ಕಪ್ಪ ರಘುನಾಥರಾವ್ 1775ರ ಸೂರತ್ ಒಪ್ಪಂದದಲ್ಲಿ ಮುಂಬಯಿಯ ಇಂಗ್ಲಿಷರ ಮೊರೆಹೊಕ್ಕ. ಅವನನ್ನು ಪುಣೆಯ ಗಾದಿಯ ಮೇಲೆ ಕೂರಿಸಲು ಹೊರಟ ಇಂಗ್ಲಿಷ್ ದಂಡು 1779ರ ಜನವರಿಯಲ್ಲಿ ವಡಗಾಂವದಲ್ಲಿ ಸಿಕ್ಕಿಬಿದ್ದು ಶರಣಾಯಿತು. ಪುಣೆಯ ಆಡಳಿತ ಈಗ ನಾನಾ ಫಡ್ನವೀಸನ ಕೈಯಲ್ಲಿತ್ತು.

ಯುರೋಪಿನ ಪೈಪೋಟಿಯೂ ಇಲ್ಲಿಗೆ ಬಂದದ್ದು ಇದೇ ಹೊತ್ತಿಗೆ. 1777ರಲ್ಲಿ ಸೇಂಟ್ ಲೂಬಿನ್ ಎಂಬ ಫ್ರೆಂಚ್ ದೂತ ಪುಣೆಯಲ್ಲಿ ಕಾಣಿಸಿಕೊಂಡ. ಕಲ್ಕತ್ತಾ, ಮುಂಬಯಿಗಳಲ್ಲಿ ಗಾಬರಿ ಹುಟ್ಟಿತು. 1778ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಫ್ರಾನ್ಸ್ ಇಳಿದದ್ದೇ ತಡ, ಇಂಗ್ಲಿಷರು ಭಾರತದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. 1779ರ ಮಾರ್ಚಿನಲ್ಲಿ ಹಿಡಿದ ಮಾಹೆ ಅವುಗಳಲ್ಲೊಂದು. ಹೈದರಾಲಿಗೆ ಮದ್ದುಗುಂಡು ಬರುತ್ತಿದ್ದದ್ದು ಆ ಬಂದರಿನಿಂದ. ಅದು ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಅವನು ಮೊದಲೇ ಎಚ್ಚರಿಸಿದ್ದ. ಆ ಎಚ್ಚರಿಕೆಯನ್ನು ಕಂಪನಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿಂದಿನ ದಶಕವಿಡೀ ಪರಸ್ಪರ ಬಡಿದಾಡಿದ ಪುಣೆ ಮತ್ತು ಶ್ರೀರಂಗಪಟ್ಟಣ 1780ರ ಆರಂಭದಲ್ಲಿ ಕೈಜೋಡಿಸಿದವು. ಕೃಷ್ಣೆಯ ತನಕದ ನೆಲ ಹೈದರನಿಗೆ ಎಂದು ನಾನಾ ಒಪ್ಪಿದ. ಗುಂಟೂರಿನ ವಿಷಯದಲ್ಲಿ ಕಂಪನಿಯ ಮೇಲೆ ಕುದಿಯುತ್ತಿದ್ದ ನಿಜಾಮನೂ ನಾಗಪುರದ ಭೋಸಲೆಯೂ ಸೇರಿಕೊಂಡರು. ಹೈದರ್ ಮದ್ರಾಸಿನ ಮೇಲೆ, ನಿಜಾಮ ಪೂರ್ವ ಕರಾವಳಿಯ ಸರ್ಕಾರ್ ಜಿಲ್ಲೆಗಳ ಮೇಲೆ, ಭೋಸಲೆ ಬಂಗಾಳದ ಮೇಲೆ, ಪೇಶ್ವೆಯ ದಂಡು ಪಶ್ಚಿಮದಲ್ಲಿ: ನಾಲ್ಕು ದಿಕ್ಕಿನಿಂದ ಒಮ್ಮೆಗೇ ಎರಗುವ ಈ ಯೋಜನೆಗೆ ಸಮನಾದದ್ದನ್ನು ಭಾರತದಲ್ಲಿ ಕಂಪನಿ ಆ ವರೆಗೆ ಕಂಡಿರಲಿಲ್ಲ.

ಹೈದರ್ ಮಾತು ಉಳಿಸಿಕೊಂಡ. 1780ರ ಜುಲೈನಲ್ಲಿ ಅವನ ಸೈನ್ಯ ಘಟ್ಟ ಇಳಿಯಿತು. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಇಂಗ್ಲಿಷ್ ದಳಪತಿ ಬೈಲಿಯ ಪಡೆ ನಾಶವಾಯಿತು. ಕೆಲವೇ ಮೈಲಿ ಆಚೆಗಿದ್ದ ಹೆಕ್ಟರ್ ಮನ್ರೋ ತನ್ನ ಭಾರದ ಫಿರಂಗಿಗಳನ್ನು ಕಾಂಚಿಯ ಕೆರೆಗೆ ಉರುಳಿಸಿ ಮದ್ರಾಸಿಗೆ ಓಡಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಈ ಕಾಳಗವನ್ನು ಇಂದಿಗೂ ನೋಡಬಹುದು: ಕೆಂಪಂಗಿಯ ಸಿಪಾಯಿಗಳ ಚೌಕದ ನಡುವೆ ಮೇನೆಯಲ್ಲಿ ಕುಳಿತ ಬೈಲಿ, ಸುತ್ತ ಮೈಸೂರಿನ ಕುದುರೆಗಳು, ಹತ್ತಿ ಉರಿಯುವ ಮದ್ದಿನ ಬಂಡಿ.

ಉಳಿದವರು ಹೈದರನಂತೆ ನಡೆದುಕೊಳ್ಳಲಿಲ್ಲ. ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಗುಂಟೂರನ್ನು ಹಿಂದಿರುಗಿಸಿ ನಿಜಾಮನನ್ನು ಸುಮ್ಮನಾಗಿಸಿದ, ಹಣ ಕೊಟ್ಟು ಭೋಸಲೆಯ ದಂಡನ್ನು ಒಡಿಶಾದಲ್ಲೇ ತಡೆದ. ಮರಾಠರು 1781ರ ಏಪ್ರಿಲ್‌ನಲ್ಲಿ ಭೋರ್ ಘಾಟಿನಿಂದ ಇಂಗ್ಲಿಷ್ ಸೇನಾಪತಿ ಗೊಡ್ಡಾರ್ಡನನ್ನು ಹಿಮ್ಮೆಟ್ಟಿಸಿದರೂ ಮರುವರ್ಷ ಮಹಾದಜಿ ಶಿಂದೆಯ ಮೂಲಕ ಸಂಧಿಗೆ ಇಳಿದರು. 1782ರ ಮೇ 17ರ ಸಾಲಬಾಯಿ ಒಪ್ಪಂದದಲ್ಲಿ, ಇಂಗ್ಲಿಷರಿಂದ ಗೆದ್ದ ನೆಲವನ್ನು ಹೈದರ್ ಬಿಟ್ಟುಕೊಡುವಂತೆ ಪೇಶ್ವೆಯೇ ನೋಡಿಕೊಳ್ಳಬೇಕೆಂಬ ಷರತ್ತಿತ್ತು. ಎರಡು ವರ್ಷ ಹಿಂದೆ ಜೊತೆಗೆ ಯುದ್ಧಕ್ಕೆ ಕರೆತಂದ ಮಿತ್ರನ ಮೇಲೆಯೇ! ನಾನಾ ಫಡ್ನವೀಸ್ ಇದಕ್ಕೆ ಮುದ್ರೆ ಒತ್ತದೆ ತಿಂಗಳುಗಟ್ಟಲೆ ಕಾದ. ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಹೈದರ್ ಸತ್ತ ಮೇಲೆ ಮುದ್ರೆ ಬಿತ್ತು. ನಾನಾನ ಆ ಕಾಯುವಿಕೆಯಲ್ಲಿ ನನಗೆ ಚಾಣಾಕ್ಷತನಕ್ಕಿಂತ ಹೆಚ್ಚಾಗಿ ಒಂದು ಅರಿವು ಕಾಣುತ್ತದೆ: ಹೈದರ್ ರಣರಂಗದಲ್ಲಿ ನಿಂತಿರುವಷ್ಟು ದಿನ ಮಾತ್ರ ಪುಣೆಯ ಮಾತಿಗೆ ಕಂಪನಿಯ ಮುಂದೆ ತೂಕ.

ಹೈದರನ ಮಗ ಟಿಪ್ಪು ಒಬ್ಬನೇ ಯುದ್ಧ ಮುಂದುವರಿಸಿದ. 1783ರಲ್ಲಿ ಯುರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ಬಂದೊಡನೆ ಕಡಲೂರಿನಲ್ಲಿದ್ದ ಫ್ರೆಂಚ್ ಸೈನ್ಯ ಕೈಚೆಲ್ಲಿತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದೊಂದಿಗೆ ಯುದ್ಧ ನಿಂತಿತು.

ತಡೆ ಕುಸಿದದ್ದು

ಕಂಪನಿಗೆ ಈಗ ಭಯವೊಂದೇ: ಈ ಒಕ್ಕೂಟ ಮತ್ತೆ ಕೂಡಬಾರದು. ಅದನ್ನು ತಪ್ಪಿಸಲು ಅದು ಕಷ್ಟಪಡಬೇಕಾಗಲಿಲ್ಲ. 1785ರಲ್ಲಿ ನರಗುಂದದ ವಿಷಯವಾಗಿ ಟಿಪ್ಪು ಮತ್ತು ಮರಾಠರ ನಡುವೆ ಯುದ್ಧ ಹೊತ್ತಿತು. 1786ರಲ್ಲಿ ಬಾದಾಮಿ ಮುತ್ತಿಗೆಗೆ ಒಳಗಾಯಿತು. 1787ರ ಗಜೇಂದ್ರಗಡ ಒಪ್ಪಂದದಲ್ಲಿ ಟಿಪ್ಪು ಬಾದಾಮಿಯನ್ನು ಬಿಟ್ಟುಕೊಟ್ಟ. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ನೆಲ ಯಾರದೆಂಬ ಹಳೆಯ ವ್ಯಾಜ್ಯ, ಸಮುದ್ರದಾಚೆಯಿಂದ ಬಂದವರ ಅಪಾಯಕ್ಕಿಂತ ದೊಡ್ಡದಾಗಿ ಕಂಡಿತು. 1786ರಿಂದ ಮುಳಾ ಮತ್ತು ಮುಠಾ ನದಿಗಳ ಸಂಗಮದಲ್ಲಿ ಚಾರ್ಲ್ಸ್ ಮ್ಯಾಲೆಟ್ ಎಂಬ ಕಂಪನಿಯ ರೆಸಿಡೆಂಟ್ ಪುಣೆ ದರಬಾರಿನ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ ಕುಳಿತಿದ್ದ.

1789ರ ಡಿಸೆಂಬರ್ ಕೊನೆಗೆ ಟಿಪ್ಪು ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ. 1769ರಲ್ಲಿ ಹೈದರನಿಗೆ ಕೊಟ್ಟ ಮಾತನ್ನು ಕಂಪನಿ ಮುರಿದದ್ದನ್ನು ನೋಡಿದ ಮಗ, ಈ ಬಾರಿಯೂ ಹಾಗೆಯೇ ಆದೀತೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹಾಗೆ ಮಾಡಲಿಲ್ಲ. 1790ರ ಜೂನ್ 1ರಂದು ಪುಣೆಯಲ್ಲಿ ಮರಾಠರೊಂದಿಗೆ, ಜುಲೈನಲ್ಲಿ ಪಾನಗಲ್ಲಿನಲ್ಲಿ ನಿಜಾಮನೊಂದಿಗೆ ಒಪ್ಪಂದ ಬರೆಸಿ, ಗೆದ್ದದ್ದನ್ನು ಮೂವರೂ ಹಂಚಿಕೊಳ್ಳುವುದೆಂದು ನಿಶ್ಚಯಿಸಿದ. ಹತ್ತು ವರ್ಷ ಹಿಂದೆ ತನ್ನನ್ನು ಸುತ್ತುವರಿದ ಕೂಟವನ್ನೇ ಕಂಪನಿ ಟಿಪ್ಪುವಿನ ಸುತ್ತ ಕಟ್ಟಿತು.

ಈ ಮೈತ್ರಿ ಹತ್ತಿರದಿಂದ ಹೇಗಿತ್ತೆಂಬುದಕ್ಕೆ ಧಾರವಾಡದ ಮುತ್ತಿಗೆ ಸಾಕ್ಷಿ. 1790ರ ಸೆಪ್ಟೆಂಬರ್‌ನಿಂದ ಮರಾಠಾ ಸರದಾರ ಪರಶುರಾಮ ಭಾವು ಪಟವರ್ಧನ ಕೋಟೆಯನ್ನು ಸುತ್ತುಗಟ್ಟಿದ್ದ. ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಮುಂಬಯಿ ಪಡೆ. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಲಿಟಲ್‌ನ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ ಬರೆದಿಟ್ಟಂತೆ, ಮರಾಠಾ ಗೋಲಂದಾಜರು ಫಿರಂಗಿಗೆ ಮದ್ದು ತುಂಬಿ, ಕುಳಿತು ಹರಟೆ ಹೊಡೆದು, ತಂಬಾಕು ಸೇದಿ, ಅರ್ಧ ಗಂಟೆಯ ಮೇಲೆ ಒಂದು ಗುಂಡು ಹಾರಿಸುತ್ತಿದ್ದರು. ಗೋಡೆಯಿಂದ ಧೂಳೆದ್ದರೆ ಅಷ್ಟೇ ತೃಪ್ತಿ. ಮಧ್ಯಾಹ್ನ ಊಟದ ಹೊತ್ತಿಗೆ ಎರಡೂ ಕಡೆ ಗುಂಡು ನಿಲ್ಲುತ್ತಿತ್ತು. ಮೂರ್ ಇದನ್ನು ಅಸಡ್ಡೆಯಿಂದ ಬರೆದಿದ್ದಾನೆ. ಆದರೆ ಪುಣೆಯ ದೃಷ್ಟಿಯಿಂದ ಅವಸರಕ್ಕೆ ಕಾರಣವೇನಿತ್ತು? ಟಿಪ್ಪುವನ್ನು ಕುಗ್ಗಿಸುವುದು ಮರಾಠರಿಗೆ ಬೇಕಿತ್ತು, ಅಳಿಸುವುದು ಬೇಕಿರಲಿಲ್ಲ. ಕೋಟೆ ಕೈಸೇರಿದ್ದು 1791ರ ಏಪ್ರಿಲ್ ಆರಂಭದಲ್ಲಿ. ಅಷ್ಟರಲ್ಲಿ, ಮಾರ್ಚ್ 21ರಂದು, ಕಾರ್ನ್‌ವಾಲಿಸ್ ಬೆಂಗಳೂರನ್ನು ಗೆದ್ದಾಗಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ ಕಾರ್ನ್‌ವಾಲಿಸ್ ಮಳೆ, ಹಸಿವು, ಎತ್ತುಗಳ ಸಾವಿನಿಂದ ಕಂಗೆಟ್ಟು ತನ್ನ ಭಾರದ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಮೇಲುಕೋಟೆಯ ಕಡೆಯಲ್ಲಿ ಎದುರಿಗೆ ಬಂದ ಕುದುರೆ ಸವಾರರನ್ನು ಅವನ ಪಡೆ ಮೊದಲು ಶತ್ರುಗಳೆಂದೇ ತಿಳಿಯಿತು. ಬಂದವರು ಹರಿಪಂತ್ ಫಡಕೆ ಮತ್ತು ಪರಶುರಾಮ ಭಾವುವಿನ ಮರಾಠರು. ಮಿತ್ರರಿಬ್ಬರೂ ಅಷ್ಟು ಹತ್ತಿರವಿದ್ದರೂ ಒಬ್ಬರ ಸುಳಿವು ಒಬ್ಬರಿಗೆ ಸಿಗದಂತೆ ಟಿಪ್ಪುವಿನ ಸವಾರರು ಓಲೆಕಾರರನ್ನೆಲ್ಲ ಹಿಡಿದಿದ್ದರು. ಹಸಿದ ಇಂಗ್ಲಿಷ್ ಸೈನ್ಯಕ್ಕೆ ಮರಾಠರ ಬೀಡಿನ ಬಜಾರಿನಲ್ಲಿ ಧಾನ್ಯ ಸಿಕ್ಕಿತು. ಕಾಶ್ಮೀರದ ಶಾಲಿನಿಂದ ಬರ್ಮಿಂಗ್‌ಹ್ಯಾಮಿನ ಚಾಕುವಿನ ತನಕ ಅಲ್ಲಿ ಮಾರಾಟಕ್ಕಿತ್ತು. ಆ ದಿನ ಆ ದಂಡು ಬರದಿದ್ದರೆ ಮೂರನೆಯ ಮೈಸೂರು ಯುದ್ಧದ ಕತೆ ಬೇರೆಯೇ ಆಗಿರುತ್ತಿತ್ತು. ಅದೇ ವರ್ಷ ಪಟವರ್ಧನರ ಸೇನೆಯ ಜೊತೆ ಬಂದ ಪಿಂಡಾರಿಗಳು ಶೃಂಗೇರಿ ಮಠವನ್ನು ಕೊಳ್ಳೆಹೊಡೆದರು. ಶಾರದೆಯ ಪುನಃಪ್ರತಿಷ್ಠೆಗೆ ಹಣ ಕಳಿಸಿದವನು ಟಿಪ್ಪು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆರಬೇಕಾಯಿತು. ಹಣ ಸಲ್ಲುವ ತನಕ ಎಳೆಯ ಮಕ್ಕಳಿಬ್ಬರು ಒತ್ತೆಯಾಳು. ಅವರು ಆನೆಗಳ ಮೇಲೆ ಇಂಗ್ಲಿಷ್ ಬೀಡಿಗೆ ಬಂದಾಗ ಕಾರ್ನ್‌ವಾಲಿಸ್ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಮರಾಠರ ಗಡಿ ತುಂಗಭದ್ರೆಗೆ ಬಂತು. ಮೈಸೂರನ್ನು ಪೂರ್ತಿ ಅಳಿಸಿದರೆ ಮರಾಠರಿಗೆ ಎದುರು ನಿಲ್ಲುವವರೇ ಇರುವುದಿಲ್ಲವೆಂದು ಕಾರ್ನ್‌ವಾಲಿಸನೂ, ಕಂಪನಿಗೆ ಎದುರಿರುವುದಿಲ್ಲವೆಂದು ಪುಣೆಯೂ ಎಣಿಸಿದ್ದರಿಂದ ಟಿಪ್ಪು ಉಳಿದ. ಟಿಪ್ಪುವಿನ ವಿರುದ್ಧ ಶಾಶ್ವತ ಖಾತರಿಯ ಒಪ್ಪಂದಕ್ಕೆ ಕಾರ್ನ್‌ವಾಲಿಸ್ ಮುಂದಾದಾಗ ಪುಣೆ ಒಪ್ಪಲಿಲ್ಲ.

ಮುಂದಿನದು ಬೇಗ ಮುಗಿಯಿತು. 1795ರ ಮಾರ್ಚ್ 11ರಂದು ಖರ್ಡಾದಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ಕಂಪನಿ ಕೈಕಟ್ಟಿ ನೋಡಿತು. ನಿಜಾಮ ರೇಮಂಡ್ ಎಂಬ ಫ್ರೆಂಚನ ಪಡೆಯನ್ನು ನೆಚ್ಚಿದ. 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಆ ಪಡೆಯನ್ನು ನಿಶ್ಶಸ್ತ್ರಗೊಳಿಸಿದ. ಟಿಪ್ಪು ಮಾರಿಷಸ್‌ಗೆ ದೂತರನ್ನು ಕಳಿಸಿದ್ದ; ಅಲ್ಲಿಯ ಗವರ್ನರ್ ಅದನ್ನು ಗುಟ್ಟಾಗಿಡದೆ ಸಾರಿಬಿಟ್ಟ. ಬಲವಿಲ್ಲದ ಮೈತ್ರಿಯನ್ನು ಡಂಗುರ ಹೊಡೆದದ್ದು ಶತ್ರುವನ್ನು ಹೆದರಿಸಲಿಲ್ಲ, ಅವನಿಗೆ ನೆವ ಕೊಟ್ಟಿತು. ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದದ್ದು ಆ ನೆವವನ್ನು ಇನ್ನಷ್ಟು ಗಟ್ಟಿ ಮಾಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಪುಣೆ ಆ ಯುದ್ಧದಲ್ಲಿ ಯಾವ ಕಡೆಗೂ ಸೇರಲಿಲ್ಲ. ಹದಿನೇಳು ವರ್ಷ ಹಿಂದೆ ಹೈದರನಿರುವಷ್ಟು ದಿನ ಕಾದಿದ್ದ ನಾನಾ ಫಡ್ನವೀಸ್ ಈಗ ಮುದುಕ. 1800ರ ಮಾರ್ಚ್ 13ರಂದು ತೀರಿಕೊಂಡ.

ಮಿತ್ರನ ಮನೆಯೊಳಗಿನ ದಂಡು

ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿ ಮೈತ್ರಿಯ ಅರ್ಥವನ್ನೇ ತಲೆಕೆಳಗಾಗಿಸಿತು. ಮಿತ್ರರಾಜನ ರಕ್ಷಣೆಗೆಂದು ಕಂಪನಿಯ ಸೈನ್ಯ, ಅದರ ಖರ್ಚಿಗೆ ಮಿತ್ರರಾಜನ ನೆಲ, ಅವನು ಬೇರೆ ಯಾರೊಡನೆಯೂ ಕಂಪನಿಯ ಅಪ್ಪಣೆಯಿಲ್ಲದೆ ವ್ಯವಹರಿಸುವಂತಿಲ್ಲ. ನಿಜಾಮ ಈ ಖರ್ಚಿಗಾಗಿ 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕೊಟ್ಟ, ಅದೇ ದತ್ತಮಂಡಲ. ಎರಡು ಯುದ್ಧಗಳಲ್ಲಿ ಟಿಪ್ಪುವಿನಿಂದ ಪಡೆದ ಪಾಲನ್ನು ಅವನು ಹೀಗೆ ಮಿತ್ರನಿಗೇ ಒಪ್ಪಿಸಿದ.

1802ರ ಅಕ್ಟೋಬರ್ 25ರಂದು ಮರಾಠಾ ಸರದಾರ ಯಶವಂತರಾವ್ ಹೋಳ್ಕರನಿಂದ ಹಡಪ್ಸರದ ಬಳಿ ಸೋತ ಪೇಶ್ವೆ ಎರಡನೆಯ ಬಾಜಿರಾವ್ ಓಡಿಹೋಗಿ ಡಿಸೆಂಬರ್ 31ರಂದು ವಸಯಿಯಲ್ಲಿ ಇದೇ ಬಗೆಯ ಒಪ್ಪಂದಕ್ಕೆ ಸಹಿ ಹಾಕಿದ. ಸೈನ್ಯದ ಖರ್ಚು ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ನೆಲ. ಅದರಲ್ಲಿ ಮೊದಲು ಸವಣೂರು ಮತ್ತು ಬಂಕಾಪುರದ ಸೀಮೆಯೂ ಸೇರಿತ್ತು. ಬಳಿಕ ಅದನ್ನು ಮರಳಿಸಿ ಬುಂದೇಲಖಂಡವನ್ನು ತೆಗೆದುಕೊಂಡರು. ಬಾಜಿರಾವನನ್ನು ಗಾದಿಗೆ ಮರಳಿಸಲು ಗವರ್ನರ್ ಜನರಲ್ಲನ ತಮ್ಮ ಆರ್ಥರ್ ವೆಲ್ಲೆಸ್ಲಿ 1803ರ ಮಾರ್ಚಿನಲ್ಲಿ ಹರಿಹರದಿಂದ ಹೊರಟು ಏಪ್ರಿಲ್ 20ರಂದು ಪುಣೆ ಮುಟ್ಟಿದ. ಅವನ ಜೊತೆಗೆ ದಿವಾನ್ ಪೂರ್ಣಯ್ಯ ಒದಗಿಸಿದ ಮೈಸೂರಿನ ಕುದುರೆ ಪಡೆಯೂ ಇತ್ತು. ಮೂವತ್ತು ವರ್ಷ ಪುಣೆಯ ಕುದುರೆಗಳು ಮೈಸೂರಿಗೆ ಬಂದಿದ್ದವು. ಈಗ ಮೈಸೂರಿನವು ಪುಣೆಗೆ ಹೋದವು, ಎರಡೂ ರಾಜ್ಯಗಳ ಸ್ವಾತಂತ್ರ್ಯ ಹೋದ ಮೇಲೆ. ಅದೇ ಪಡೆ ಮುಂದೆ ಅಹಮದ್‌ನಗರದಲ್ಲೂ ಅಸ್ಸಾಯಿಯಲ್ಲೂ ಶಿಂದೆಯ ವಿರುದ್ಧ ಹೋರಾಡಿತು.

ಪುಣೆಯ ಸಹಾಯಕ ಸೈನ್ಯಕ್ಕೆ ಶಿರೂರಿನಲ್ಲಿ ಶಿಬಿರವಾಯಿತು. ಅಲ್ಲಿಂದ ರಾಜಧಾನಿಯ ಮೇಲೂ ಕಣ್ಣಿಡಬಹುದು, ಅಹಮದ್‌ನಗರದ ದಾರಿಯನ್ನೂ ಹಿಡಿದಿಡಬಹುದು. ಆ ಸೈನ್ಯದ ದಳಪತಿಯಾಗಿದ್ದು 1809ರಲ್ಲಿ ಸತ್ತ ಕರ್ನಲ್ ವಿಲಿಯಂ ವ್ಯಾಲೇಸನ ಗೋರಿಗೆ ಸುತ್ತಲಿನ ಹಳ್ಳಿಗರು ಸತ್ಪುರುಷನ ಗೋರಿಯೆಂದು ನಡೆದುಕೊಳ್ಳುತ್ತ ಬಂದರು. ಎರಡನೆಯ ಮಹಾಯುದ್ಧದ ನಂತರ 1949ರಲ್ಲಿ ನ್ಯಾಟೊ, 1955ರಲ್ಲಿ ವಾರ್ಸಾ ಒಕ್ಕೂಟ ಹುಟ್ಟಿದಾಗ ಮಹಾಶಕ್ತಿಗಳು ಮಿತ್ರರಾಷ್ಟ್ರಗಳ ನೆಲದಲ್ಲಿ ತಮ್ಮ ಸೈನ್ಯಗಳನ್ನು ನಿಲ್ಲಿಸಿದವು. ಅಂಥ ಸೈನ್ಯ ಹೊರಗಿನ ಶತ್ರುವನ್ನು ತಡೆಯುತ್ತದೆ, ಜೊತೆಗೆ ಮಿತ್ರನ ಕೈಯನ್ನೂ ಕಟ್ಟುತ್ತದೆ. 1956ರಲ್ಲಿ ಸೋವಿಯತ್ ಸೈನ್ಯದಿಂದ ಹಂಗೆರಿ ಕಂಡದ್ದನ್ನು ಬಾಜಿರಾವ್ ಆಗಲೇ ಕಂಡಿದ್ದ.

ಡಿಸೆಂಬರ್ 31ರ ರಾತ್ರಿ

1817ರ ಜೂನ್ 13ರ ಪುಣೆ ಒಪ್ಪಂದ ಪೇಶ್ವೆಯಿಂದ ಮರಾಠಾ ಒಕ್ಕೂಟದ ನಾಯಕತ್ವವನ್ನೇ ಕಿತ್ತುಕೊಂಡಿತು. ಧಾರವಾಡವೂ ಕುಸುಗಲ್ಲೂ ಕಂಪನಿಗೆ ಹೋದವು. ನವೆಂಬರ್ 5ರಂದು ಬಾಜಿರಾವ್ ತಿರುಗಿಬಿದ್ದ. ಸಂಗಮದ ರೆಸಿಡೆನ್ಸಿ ಸುಟ್ಟುಹೋಯಿತು, ಆದರೆ ಖಡ್ಕಿಯಲ್ಲಿ ಅವನ ಸೈನ್ಯ ಸೋತಿತು, ಪುಣೆ ಕೈಬಿಟ್ಟಿತು. ಡಿಸೆಂಬರ್ ಕೊನೆಗೆ ಅವನು ಮತ್ತೆ ಪುಣೆಯತ್ತ ಬರುತ್ತಿದ್ದಾನೆಂದು ತಿಳಿದು ಅಲ್ಲಿದ್ದ ಕರ್ನಲ್ ಬರ್ ಶಿರೂರಿನಿಂದ ನೆರವು ಕೇಳಿದ. 31ರ ರಾತ್ರಿ 8 ಗಂಟೆಗೆ ಕ್ಯಾಪ್ಟನ್ ಸ್ಟಾಂಟನ್ ಸುಮಾರು 500 ಮುಂಬಯಿ ಪದಾತಿಗಳು, 300ರಷ್ಟು ಸವಾರರು, ಎರಡು ಫಿರಂಗಿಗಳೊಂದಿಗೆ ಹೊರಟ. ಶಿರೂರಿನಿಂದ ಭೀಮೆಯತ್ತ ಹೋಗುವ ದಾರಿ ರಾಂಜಣಗಾಂವದ ಮೇಲೆಯೇ ಹಾಯುತ್ತದೆ.

ರಾತ್ರಿಯಿಡೀ ನಡೆದವರು ಬೆಳಗ್ಗೆ ಕೋರೆಗಾಂವದ ದಿಬ್ಬದಿಂದ ನೋಡಿದಾಗ ನದಿಯಾಚೆ ಪೇಶ್ವೆಯ ಇಡೀ ದಂಡು, ಇಂಗ್ಲಿಷರ ಅಂದಾಜಿನಂತೆ 28,000 ಜನ. ಸ್ಟಾಂಟನ್‌ನ ಪಡೆ ಊರೊಳಗೆ ಹೊಕ್ಕಿತು. ಪೇಶ್ವೆ ಕಳಿಸಿದ ಅರಬರೂ ಗೋಸಾಯಿಗಳೂ ಸೇರಿದ ಕಾಲಾಳುಗಳು ಹಿಂದೆಯೇ ನುಗ್ಗಿದರು. ದಿನವಿಡೀ ಓಣಿ ಓಣಿಯಲ್ಲಿ ಕಾಳಗ. ನದಿ ಕಣ್ಣೆದುರಿಗಿದ್ದರೂ ಒಳಗಿದ್ದವರಿಗೆ ಹನಿ ನೀರು ಸಿಗಲಿಲ್ಲ. ಒಂದು ಫಿರಂಗಿ ಕೈತಪ್ಪಿತು, ಅದನ್ನು ಕಾಯುತ್ತಿದ್ದ ಅಧಿಕಾರಿ ಸತ್ತ, ಮತ್ತೆ ಅದನ್ನು ಹೊಡೆದಾಡಿ ಮರಳಿ ಪಡೆದರು. ರಾತ್ರಿ 9ರ ಹೊತ್ತಿಗೆ ದಾಳಿ ನಿಂತಿತು. ಪೇಶ್ವೆ ದಕ್ಷಿಣಕ್ಕೆ ಹೊರಟ. ಸ್ಟಾಂಟನ್ ಪುಣೆಗೆ ಹೋಗದೆ ಶಿರೂರಿಗೆ ಮರಳಿದ. ಅವನ ಪಡೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು 275. ಕೋರೆಗಾಂವದಲ್ಲಿ ನೆಟ್ಟ ಸ್ತಂಭದ ಮೇಲಿನ 49 ಹೆಸರುಗಳಲ್ಲಿ 22 ಮಹಾರ ಸಿಪಾಯಿಗಳದು. ಪೇಶ್ವೆಗಳ ಆಳ್ವಿಕೆಯಲ್ಲಿ ಮನುಷ್ಯರೆನಿಸದಿದ್ದವರ ಶೌರ್ಯದ ಗುರುತಾಗಿ ಡಾ. ಅಂಬೇಡ್ಕರ್ 1927ರ ಜನವರಿ 1ರಂದು ಅಲ್ಲಿಗೆ ಬಂದು ಗೌರವ ಸಲ್ಲಿಸಿದರು. ಒಳಗಿನ ಜನರನ್ನೇ ಹೊರಗಿಟ್ಟ ರಾಜ್ಯ ಹೊರಗಿನ ಮಿತ್ರರಿಂದ ಉಳಿಯಬಹುದೇ ಎಂಬ ಪ್ರಶ್ನೆಯನ್ನು ಒಪ್ಪಂದಗಳ ಚರಿತ್ರೆ ಬರೆಯುವವರು ಬಿಟ್ಟುಬಿಡಬಾರದು.

ಬಾಜಿರಾವ್ ಘಟಪ್ರಭೆಯ ಕಡೆಗೆ ಓಡಿಬಂದಾಗ ಅಲ್ಲಿ ಕಂಪನಿಯ ಥಾಮಸ್ ಮನ್ರೋ ಇದ್ದ. 1818ರ ಫೆಬ್ರುವರಿಯಲ್ಲಿ ಬಾದಾಮಿ, ಏಪ್ರಿಲ್‌ನಲ್ಲಿ ಬೆಳಗಾವಿ ಮನ್ರೋವಿನ ವಶವಾದವು. ಜೂನ್ 3ರಂದು ಬಾಜಿರಾವ್ ಶರಣಾಗಿ ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿಯ ಮೇಲೆ ಬಿಠೂರಿಗೆ ಹೋದ.

ಕನ್ನಡ ನಾಡಿನ ಪಾಲು

ಈ ಐದು ದಶಕಗಳ ಒಪ್ಪಂದಗಳಲ್ಲಿ ಕೈಬದಲಾದ ನೆಲದ ಬಹುಭಾಗ ಕನ್ನಡಿಗರದು. ಅವರನ್ನು ಯಾರೂ ಕೇಳಲಿಲ್ಲ. ಉತ್ತರ ಕರ್ನಾಟಕ ಮುಂಬಯಿಗೆ, ದತ್ತಮಂಡಲದೊಂದಿಗೆ ಬಳ್ಳಾರಿ ಮದ್ರಾಸಿಗೆ, ರಾಯಚೂರು ಮತ್ತು ಕಲಬುರಗಿ ನಿಜಾಮನಿಗೆ, ಉಳಿದದ್ದರಲ್ಲಿ ಬಹುಭಾಗ ಒಡೆಯರ ಮೈಸೂರಿಗೆ ಸೇರಿದವು. ಬಳ್ಳಾರಿಯ ಕನ್ನಡ ತಾಲೂಕುಗಳು 1953ರ ಅಕ್ಟೋಬರ್ 1ರಂದು, ಧಾರವಾಡ, ಬೆಳಗಾವಿ, ವಿಜಯಪುರ, ರಾಯಚೂರು, ಕಲಬುರಗಿ 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಂದಿಗೆ ಒಂದಾದವು.